ಪರಿಚಯದವರ ಹೆಸರನ್ನೇ ಹೆಚ್ಚು ತಪ್ಪಾಗಿ ಬರೆಯುತ್ತೇವೆ

ತೀರ್ಥಹಳ್ಳಿ ತಾಲ್ಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಕೃಷಿ ಸಾಲದ ಕಡತಗಳನ್ನು ನೋಡಿಕೊಳ್ಳುತ್ತಿದ್ದಾಗ ನನ್ನ ಕೈಯಿಂದ ಆದ ಒಂದು ತಪ್ಪನ್ನು, ನಿವೃತ್ತನಾದ ಮೇಲಾದರೂ ಬರೆದಿಡಬೇಕೆಂದುಕೊಂಡಿದ್ದೆ. ಆಗುಂಬೆ ಹೋಬಳಿಯ ಒಂದು ಗ್ರಾಮದಲ್ಲಿ ಒಂದೇ ಹೆಸರಿನ ಇಬ್ಬರು ಅಡಿಕೆ ಬೆಳೆಗಾರರಿದ್ದರು. ಇಬ್ಬರ ತಂದೆಯ ಹೆಸರು ಬೇರೆ; ತೋಟಗಳು ಮಾತ್ರ ಒಂದೇ ಸರ್ವೆ ನಂಬರಿನ ಎರಡು ಹಿಸ್ಸೆಗಳಲ್ಲಿ ಬೇಲಿಗೆ ಬೇಲಿ ತಾಗಿಕೊಂಡಿದ್ದವು. ಅವರಲ್ಲಿ ಒಬ್ಬರು ನಮ್ಮ ಹಳೆಯ ಗ್ರಾಹಕರು. ಅವರ ಅಂಗಳದಲ್ಲಿ ಕುಳಿತು ಕಾಫಿ ಕುಡಿದಿದ್ದೆ, ತೋಟದ ಕಾಲುವೆಗಳಲ್ಲಿ ಓಡಾಡಿದ್ದೆ. ಹಾಗಾಗಿ ಜಮೀನನ್ನು ಸಾಲಕ್ಕೆ ಆಧಾರವಾಗಿ ಕೊಡುವ ನಮೂನೆ 3ರ ಘೋಷಣೆಯನ್ನು ತುಂಬುವಾಗ ಪಹಣಿ ಮೇಜಿನ ಮೇಲೇ ಇದ್ದರೂ ಅದನ್ನು ಓದಲಿಲ್ಲ; ಹಿಸ್ಸಾ ಸಂಖ್ಯೆಯನ್ನು ನೆನಪಿನಿಂದಲೇ ಬರೆದೆ. ಅದು ಪಕ್ಕದ ತೋಟದ ಸಂಖ್ಯೆಯಾಗಿತ್ತು.

ಕೃಷಿ ಸಾಲದ ವ್ಯವಹಾರ ಗೊತ್ತಿಲ್ಲದವರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ಕರ್ನಾಟಕದಲ್ಲಿ ರೈತನು ಬೆಳೆಸಾಲಕ್ಕೆ ತನ್ನ ಜಮೀನನ್ನು ಆಧಾರವಾಗಿ ಕೊಡುವಾಗ ಸಾಮಾನ್ಯವಾಗಿ ಅಡಮಾನ ಪತ್ರವನ್ನು ಬರೆಸುವುದಿಲ್ಲ. 1974ರ ಕೃಷಿ ಸಾಲ ಕಾಯಿದೆಯ ಪ್ರಕಾರ ಒಂದು ಘೋಷಣೆಗೆ ಸಹಿ ಮಾಡುತ್ತಾನೆ, ಅದರ ಪ್ರತಿ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗುತ್ತದೆ, ಪಹಣಿಯ 11ನೇ ಕಾಲಮ್ಮಿನ ಋಣಗಳ ಜಾಗದಲ್ಲಿ ಸಾಲದ ಮೊತ್ತವೂ ಸಾಲ ಕೊಟ್ಟವರ ಹೆಸರೂ ದಾಖಲಾಗುತ್ತವೆ. ಆ ಒಂದು ಸಾಲೇ ಸಾಲ ಕೊಟ್ಟವನಿಗೆ ಇರುವ ಬಲ. ಮುಂದೆ ಆ ಜಮೀನನ್ನು ಕೊಳ್ಳುವವನೂ ಅದರ ಮೇಲೆ ಇನ್ನೊಂದು ಸಾಲ ಕೊಡುವವನೂ ಅದನ್ನು ನೋಡಿಯೇ ಮುಂದುವರಿಯುತ್ತಾರೆ. ನನ್ನ ಘೋಷಣೆಯಲ್ಲಿದ್ದ ಹೆಸರು ಪಕ್ಕದವರ ಪಹಣಿಯ 9ನೇ ಕಾಲಮ್ಮಿನ ಹೆಸರಿನೊಂದಿಗೆ ಸರಿಯಾಗಿ ತಾಳೆಯಾದದ್ದರಿಂದ, ‘ಬಿನ್’ ಎಂಬ ಪದದ ಮುಂದಿನ ತಂದೆಯ ಹೆಸರನ್ನು ಯಾರೂ ಗಮನಿಸದೆ ಋಣವನ್ನು ಅಲ್ಲಿಯೇ ಏರಿಸಿಬಿಟ್ಟರು.

ಎರಡು ವರ್ಷಗಳ ನಂತರ ಆ ಪಕ್ಕದವರು ಪಹಣಿ ಹಿಡಿದುಕೊಂಡು ಬಂದರು. ಮಗಳ ಮದುವೆಗೆಂದು ಬೇರೆ ಕಡೆ ಸಾಲ ಕೇಳಲು ಹೋದಾಗಲೇ ಅವರಿಗೆ ವಿಷಯ ತಿಳಿದದ್ದು. ಜೋರು ಮಾಡಲಿಲ್ಲ. “ಸಾರ್, ನಾನು ನಿಮ್ಮ ಹತ್ರ ಸಾಲ ತಗಂಡಿದ್ದು ಯಾವಾಗ ಅಂತ ನೀವೇ ಹೇಳಿ” ಎಂದಷ್ಟೇ ಕೇಳಿದರು.

ಅಂದಿನಿಂದ ನಾನು ಗಮನಿಸುತ್ತ ಬಂದಿರುವುದು ಇಷ್ಟು: ಅಪರಿಚಿತರ ಕಡತದಲ್ಲಿ ತಪ್ಪು ಕಡಿಮೆ, ಏಕೆಂದರೆ ಅಲ್ಲಿ ಪ್ರತಿ ಅಕ್ಷರವನ್ನೂ ದಾಖಲೆಯಿಂದಲೇ ಎತ್ತಿಕೊಳ್ಳಬೇಕಾಗುತ್ತದೆ. ಪರಿಚಯದವರ ವಿಷಯದಲ್ಲಿ ಕೈ ದಾಖಲೆಯನ್ನು ಬಿಟ್ಟು ನೆನಪನ್ನು ನಂಬುತ್ತದೆ. ಮಲೆನಾಡಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಜನ ತಮ್ಮ ಊರು ಯಾವುದೆಂದು ಕೇಳಿದರೆ ಮಜರೆಯ ಹೆಸರನ್ನೋ ಮನೆತನದ ಹೆಸರನ್ನೋ ಹೇಳುತ್ತಾರೆಯೇ ಹೊರತು ಕಂದಾಯ ಗ್ರಾಮದ ಹೆಸರನ್ನಲ್ಲ. ಊರಿನವರೆಲ್ಲ ಗೌಡರೆಂದೋ ಭಟ್ಟರೆಂದೋ ಕರೆಯುವವರ ಹೆಸರಿನ ಮುಂದೆ ಪಹಣಿಯಲ್ಲಿ ಆ ಪದ ಇಲ್ಲದಿರಬಹುದು, ಆಧಾರ್‌ನಲ್ಲಿ ಇರಬಹುದು. ಹಳೆಯ ಕ್ರಯಪತ್ರದಲ್ಲಿ ‘ಕೋಂ’ ಎಂದು ಗಂಡನ ಹೆಸರಿನೊಂದಿಗೆ ಬಂದಿರುವ ಹೆಣ್ಣುಮಗಳು ಬ್ಯಾಂಕಿನ ಖಾತೆಯಲ್ಲಿ ತಂದೆಯ ಇನಿಷಿಯಲ್ಲಿನೊಂದಿಗೆ ಇರುತ್ತಾಳೆ. ಬಗರ್ ಹುಕುಂನಲ್ಲಿ ಮಂಜೂರಾದ ಜಮೀನಿಗೆ ಪೋಡಿಯಾಗದಿದ್ದರಂತೂ, ಅಂದರೆ ಅಳೆದು ಬೇರೆ ಬೇರೆ ಹಿಸ್ಸೆ ಮಾಡದಿದ್ದರಂತೂ, ಒಂದೇ ಪಹಣಿಯಲ್ಲಿ ಹತ್ತಾರು ಹೆಸರುಗಳು. ಯಾರ ಎಷ್ಟು ಗುಂಟೆಯ ಮೇಲೆ ಋಣ ಎಂಬುದನ್ನು ಘೋಷಣೆಯಲ್ಲಿ ಬಿಡಿಸಿ ಬರೆಯದಿದ್ದರೆ ಉಳಿದವರೆಲ್ಲ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಶಿವಮೊಗ್ಗ ನಗರದ ಮನೆ, ನಿವೇಶನಗಳ ಸಾಲಕ್ಕೆ ದಾರಿ ಬೇರೆ. ಅಲ್ಲಿ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಅಡಮಾನವನ್ನು ದಾಖಲಿಸಬೇಕು. 2011ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು ಮೊದಮೊದಲು ಅನೇಕರು ಒಂದು ಗುಮಾಸ್ತೆಯ ಕೆಲಸವೆಂದು ಭಾವಿಸಿದ್ದರು. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಅಧಿಕಾರ ಕೊಡುವುದು ಸರ್ಫೇಸಿ ಕಾಯಿದೆ. 2020ರ ಜನವರಿಯಿಂದ ಜಾರಿಗೆ ಬಂದ ಅದರ ತಿದ್ದುಪಡಿಯ ಪ್ರಕಾರ, ಅಲ್ಲಿ ನೋಂದಣಿಯಾಗದ ಅಡಮಾನದ ಮೇಲೆ ಸಾಲಗಾರನ ಆಸ್ತಿಯನ್ನು ಆ ಕಾಯಿದೆಯಡಿ ವಶಕ್ಕೆ ಪಡೆಯುವಂತಿಲ್ಲ. ಅಲ್ಲಿ ಹೆಸರಿನಿಂದಲೂ ಹುಡುಕಬಹುದು, ಆಸ್ತಿಯ ವಿವರದಿಂದಲೂ ಹುಡುಕಬಹುದು. ತೊಡಕು ಲಿಪಿಯದು: ಕನ್ನಡದ ಆಸ್ತಿ ಖಾತೆಯಲ್ಲಿರುವ ‘ಲಕ್ಷ್ಮಿ’ ಇಂಗ್ಲಿಷಿಗೆ ಹೋಗುವಾಗ ಒಬ್ಬರು ‘ಕೆ, ಎಸ್, ಎಚ್’ ಹಾಕುತ್ತಾರೆ, ಇನ್ನೊಬ್ಬರು ‘ಎಕ್ಸ್’ ಹಾಕಿ ಮುಗಿಸುತ್ತಾರೆ. ಆದ್ದರಿಂದ ಹೆಸರನ್ನು ಪ್ಯಾನ್ ಕಾರ್ಡಿನಲ್ಲಿರುವಂತೆಯೇ ಎತ್ತಿಕೊಂಡು, ಆಸ್ತಿಯನ್ನು ಅದರ ಖಾತೆಯ ಸಂಖ್ಯೆ ಮತ್ತು ಚಕ್ಕುಬಂದಿಯಿಂದ, ಅಂದರೆ ನಾಲ್ಕೂ ದಿಕ್ಕಿನ ಗಡಿಗಳಿಂದ, ಗುರುತಿಸುವುದೇ ಲೇಸು. ‘ಬಸ್ ನಿಲ್ದಾಣದ ಹಿಂಭಾಗ’ ಎಂದು ಬರೆದ ವಿಳಾಸವನ್ನು ನಾನೇ ನೋಡಿದ್ದೇನೆ. ಯಾವ ಬಸ್ ನಿಲ್ದಾಣವೋ!

ಹೆಸರಿನ ವಿಷಯದಲ್ಲಿ ಅಮೆರಿಕದವರು ನಮಗಿಂತ ಕಟ್ಟುನಿಟ್ಟು. ಅಲ್ಲಿ 2004ರಲ್ಲಿ ತೀರ್ಮಾನವಾದ ಪ್ರಕರಣವೊಂದರಲ್ಲಿ ಕೃಷಿ ಉಪಕರಣಗಳ ಮೇಲೆ ಸಾಲ ಕೊಟ್ಟ ಕಂಪನಿಯು ‘ಟೆರೆನ್ಸ್’ ಎಂಬ ರೈತನನ್ನು ಎಲ್ಲರೂ ಕರೆಯುವಂತೆ ‘ಟೆರ್ರಿ’ ಎಂದು ದಾಖಲಿಸಿತ್ತು. ಆತ ದಿವಾಳಿಯಾದಾಗ ಕಂಪನಿಯ ಹಕ್ಕು ನಿಲ್ಲಲಿಲ್ಲ; ಸರಿಯಾದ ಹೆಸರಿನಿಂದ ಹುಡುಕಿದವನಿಗೆ ಆ ದಾಖಲೆ ಸಿಗುತ್ತಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಆಮೇಲೆ ಬಹುತೇಕ ರಾಜ್ಯಗಳು ಚಾಲನಾ ಪರವಾನಗಿಯಲ್ಲಿರುವ ಹೆಸರನ್ನೇ ಬರೆಯಬೇಕೆಂದು ನಿಯಮ ಮಾಡಿಕೊಂಡವು. ನಮ್ಮ ‘ಮಂಜಣ್ಣ’, ‘ಕಿಟ್ಟಪ್ಪ’ಗಳನ್ನು ನೆನೆದರೆ ಆ ಕಂಪನಿಯ ಗುಮಾಸ್ತನ ಬಗ್ಗೆ ನನಗೆ ಮರುಕವೇ ಹುಟ್ಟುತ್ತದೆ.

ವಾಹನ ಸಾಲದಲ್ಲಿ ನೋಡಬೇಕಾದದ್ದು ಷಾಸಿ ಸಂಖ್ಯೆ. 17 ಅಕ್ಷರಗಳ ಆ ಸಂಖ್ಯೆಯಲ್ಲಿ ಇಂಗ್ಲಿಷಿನ ‘ಐ’, ‘ಓ’, ‘ಕ್ಯೂ’ ಅಕ್ಷರಗಳನ್ನು ಬಳಸುವುದಿಲ್ಲ; ಹಾಗಾಗಿ ದುಂಡಗೆ ಕಂಡದ್ದು ಸೊನ್ನೆ ಎಂದೇ ಅರ್ಥ.

ನನ್ನ ತಪ್ಪಿನ ನಂತರ ನಾನು ರೂಢಿಸಿಕೊಂಡ ಕ್ರಮ ಸರಳವಾದದ್ದು, ಆದರೆ ಬೇಸರ ತರುವಂಥದ್ದು. ಅರ್ಜಿಯನ್ನು ಮುಚ್ಚಿಟ್ಟು, ಅದೇ ದಿನ ತೆಗೆಸಿದ ಪಹಣಿಯನ್ನು ಸಹೋದ್ಯೋಗಿಯೊಬ್ಬರು ಗಟ್ಟಿಯಾಗಿ ಓದುವುದು. ಗ್ರಾಮ, ಹೋಬಳಿ, ಸರ್ವೆ ನಂಬರು, ಹಿಸ್ಸೆ, ಎಕರೆ-ಗುಂಟೆ, ಮಾಲೀಕರ ಹೆಸರು, ತಂದೆಯ ಹೆಸರು ಎಂದು ಅವರು ಓದಿದಂತೆ ನಾನು ಘೋಷಣೆಯಲ್ಲಿ ಬೆರಳಿಟ್ಟು ನೋಡುವುದು. ಋಣ ಏರಿದ ಮೇಲೆ ಹೊಸ ಪಹಣಿಯನ್ನು ತರಿಸಿ ಇನ್ನೊಮ್ಮೆ ಹಾಗೆಯೇ ಓದುವುದು. ಈ ಎರಡನೆಯ ಓದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ತಪ್ಪು ಎರಡು ವರ್ಷ ಅಡಗಿ ಕುಳಿತದ್ದು ಇದರಿಂದಲೇ. ಈಗ ರೈತರನ್ನೂ ಅವರ ಜಮೀನನ್ನೂ ನೋಂದಾಯಿಸುವ ರಾಜ್ಯ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆ ಕೊಟ್ಟರೆ ಜಮೀನಿನ ವಿವರ ತಾನಾಗಿ ಬರುವುದರಿಂದ ಬೆರಳಚ್ಚಿನ ತಪ್ಪು ಕಡಿಮೆಯಾಗಿದೆ, ನಿಜ. ಆದರೆ ಆ ಸಂಖ್ಯೆಗೆ ಮೊದಲೇ ತಪ್ಪು ಜಮೀನನ್ನು ಜೋಡಿಸಿದ್ದರೆ ಯಂತ್ರ ಆ ತಪ್ಪನ್ನೇ ಅಚ್ಚುಕಟ್ಟಾಗಿ ಮುಂದಕ್ಕೆ ಕಳಿಸುತ್ತದೆ.

ಪಕ್ಕದ ತೋಟದ ಮೇಲಿನ ಋಣವನ್ನು ತೆಗೆಸಲು ನಾವು ಪತ್ರ ಬರೆದು, ನಮ್ಮ ಗ್ರಾಹಕರಿಂದ ಹೊಸ ಘೋಷಣೆಗೆ ಸಹಿ ಹಾಕಿಸಿ, ಎಲ್ಲವೂ ಸರಿಯಾಗುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಅಷ್ಟು ಕಾಲ ನಮ್ಮ ಸಾಲಕ್ಕೆ ಸರಿಯಾದ ಜಮೀನಿನ ಮೇಲೆ ಯಾವ ಆಧಾರವೂ ಇರಲಿಲ್ಲ. ಹೊಸ ಘೋಷಣೆಗೆ ಹೊಸ ದಿನಾಂಕವೇ ಬಿತ್ತು. ಆ ನಡುವೆ ನಮ್ಮ ಗ್ರಾಹಕರು ಬೇರೆಲ್ಲೂ ಸಾಲ ಮಾಡದಿದ್ದುದು ನನ್ನ ಪುಣ್ಯ. ಪಕ್ಕದವರು ಮಾತ್ರ ನಮ್ಮ ಕಾಗದಕ್ಕೆ ಕಾಯಲಿಲ್ಲ. ಅಡಿಕೆ ಮಂಡಿಯಿಂದ ಮುಂಗಡ ತಂದು ಮಗಳ ಮದುವೆ ಮುಗಿಸಿದರು. ಲಗ್ನಪತ್ರಿಕೆಯೊಂದನ್ನು ನನಗೂ ಕೊಟ್ಟಿದ್ದರು. ಅದರಲ್ಲಿ ನನ್ನ ಹೆಸರಿನ ಇನಿಷಿಯಲ್ ತಪ್ಪಾಗಿತ್ತು.