ಗ್ಲೌಸ್ ಯಾರ ಕೈಗೆ?

“ಗ್ಲೌಸ್ ಸಿಸ್ಟರ್‌ಗಳ ಸಲುವಾಗಿ ಬರುತ್ತವೆ ತಮ್ಮಾ. ನಮ್ಮ ಸಲುವಾಗಿ ಸಾಬೂನು ಇದೆಯಲ್ಲ.”

ವಿಜಯಪುರದ ಖಾಸಗಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಕಸ ತೆಗೆಯುವ ಅಕ್ಕ ಸೋಮವಾರ ಬೆಳಿಗ್ಗೆ ನನಗೆ ಹೇಳಿದ ಮಾತಿದು. ಹೇಳುವಾಗ ಅವರ ಎಡಗೈಯ ತೋರುಬೆರಳಿನಿಂದ ರಕ್ತ ಜಿನುಗುತ್ತಿತ್ತು. ಬಾಯಿ ಕಟ್ಟಲೆಂದು ಕೆಂಪು ಚೀಲವನ್ನು ಎತ್ತಿದಾಗ ಒಳಗಿದ್ದ ಸೂಜಿ ಚೀಲವನ್ನೂ ಬೆರಳನ್ನೂ ಒಟ್ಟಿಗೇ ಚುಚ್ಚಿತ್ತು. ಹೆಬ್ಬೆರಳಿನಿಂದ ಒತ್ತಿ ಒತ್ತಿ ರಕ್ತ ಹಿಂಡಿದರು, ಸೀರೆಯ ಮೇಲೆ ತೊಟ್ಟಿದ್ದ ನೀಲಿ ಅಂಗಿಗೆ ಒರೆಸಿದರು, ಮತ್ತೆ ಅದೇ ಚೀಲಕ್ಕೆ ಕೈ ಚಾಚಿದರು.

ನಾನು ಹೋಗಿದ್ದು ಕಾಲಿನ ಹುಣ್ಣಿಗೆಂದು ದಾಖಲಾಗಿದ್ದ ಕಾಕಾನ ಹತ್ತಿರ ಕೂರಲು. ಆದರೆ ಇಂಡಿ ಪಟ್ಟಣದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ನನಗೆ ದಿನ ಬೆಳಗಾದರೆ ಬೇರೆಯವರ ರಕ್ತದೊಂದಿಗೇ ಕೆಲಸ. ಸುಮ್ಮನೆ ಕೂರಲು ಆಗಲಿಲ್ಲ. “ಹಿಂಡಬೇಡಿ ಅಕ್ಕಾ, ನಳದ ಕೆಳಗೆ ಹಿಡಿದು ಸಾಬೂನಿನಿಂದ ತೊಳೆಯಿರಿ” ಎಂದು ಎಬ್ಬಿಸಿಕೊಂಡು ಹೋದೆ. ಗ್ಲೌಸ್ ಯಾಕೆ ಹಾಕಿಲ್ಲ ಎಂದು ಕೇಳಿದಾಗ ಬಂದ ಉತ್ತರವೇ ಮೇಲಿನದು. ಅವರ ದನಿಯಲ್ಲಿ ದೂರಿರಲಿಲ್ಲ. ಸಂಜೆ ಬಸ್ ಎಷ್ಟು ಗಂಟೆಗೆ ಎಂದು ಕೇಳಿದರೂ ಅದೇ ದನಿಯಲ್ಲಿ ಹೇಳುತ್ತಿದ್ದರೇನೋ. ಆ ಸಮಾಧಾನವೇ ನನ್ನನ್ನು ಈ ವಾರವೆಲ್ಲ ಕಾಡುತ್ತಿದೆ.

ಅದೇ ವಾರ್ಡಿನ ಒಬ್ಬ ಸಿಸ್ಟರ್ ಬೆಳಗಿನಿಂದ ಗ್ಲೌಸ್ ಕಳಚಿರಲಿಲ್ಲ. ಅದೇ ಜೋಡಿಯಲ್ಲಿ ಕಾಕಾನ ಹುಣ್ಣಿನ ಪಟ್ಟಿ ಬಿಚ್ಚಿದರು, ಪಕ್ಕದ ಮಂಚದವರ ಸಲೈನ್ ಸರಿಪಡಿಸಿದರು, ಮೊಬೈಲ್ ಎತ್ತಿ ಮಾತನಾಡಿದರು. “ಎಷ್ಟು ಸ್ವಚ್ಛ ಇದ್ದಾರೆ ನೋಡು” ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಮೆಚ್ಚಿಕೊಂಡರು. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೋಗುವಾಗ ಗ್ಲೌಸ್ ಬದಲಿಸಬೇಕು, ಕಳಚಿದ ಮೇಲೂ ಕೈ ತೊಳೆಯಬೇಕು. ಇಲ್ಲದಿದ್ದರೆ ಅದು ಹಾಕಿಕೊಂಡವರ ಚರ್ಮವನ್ನಷ್ಟೇ ಕಾಯುತ್ತದೆ, ಕಾಕಾನ ಹುಣ್ಣಿನ ಕೀವನ್ನು ಮುಂದಿನ ಮಂಚಕ್ಕೆ ದಾಟಿಸುತ್ತದೆ. ಆ ಸಿಸ್ಟರ್ ಕೆಟ್ಟವರೇನಲ್ಲ. ರಾತ್ರಿ ಕಾಕಾ ನರಳಿದಾಗ ಓಡಿ ಬಂದವರು ಅವರೇ. ಒಬ್ಬರ ಮೇಲೆ ಅಷ್ಟು ಮಂಚಗಳನ್ನು ಹೇರಿದರೆ ಕೈ ತೊಳೆಯಲು ಪುರುಸೊತ್ತು ಎಲ್ಲಿಂದ ಬರಬೇಕು?

ಅಕ್ಕನ ಬೆರಳಿನ ಕಥೆ ಬೇರೆ. ತೆಳು ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ. ಕಸ ಎತ್ತುವವರಿಗೆ ಮೊಣಕೈವರೆಗಿನ ದಪ್ಪ ರಬ್ಬರ್ ಗ್ಲೌಸ್ ಬೇಕು, ಮುಚ್ಚಿದ ಬೂಟು ಬೇಕು. ಅದಕ್ಕಿಂತ ಮೊದಲು, ಸೂಜಿ ಆ ಚೀಲಕ್ಕೆ ಬರಲೇಬಾರದು. ಕೆಂಪು ಚೀಲ ಇರುವುದು ಸಲೈನ್ ನಳಿಕೆ, ಬಳಸಿದ ಗ್ಲೌಸ್‌ಗಳಂಥವಕ್ಕೆ. ಸೂಜಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯೇ ಇದೆ. ಆ ಡಬ್ಬಿ ವಾರ್ಡಿನಲ್ಲಿ ಇತ್ತು, ಡ್ರೆಸ್ಸಿಂಗ್ ಟ್ರಾಲಿಯ ಮೇಲೆಯೇ ಇತ್ತು. ಕಲಿತವರು ಯಾರೋ ಅದರತ್ತ ಕೈ ಚಾಚುವ ಬದಲು ಹತ್ತಿರದ ಚೀಲಕ್ಕೆ ಎಸೆದಿದ್ದರು. ಎಸೆದ ಆ ಕೈಗೆ ಬಹುಶಃ ಗ್ಲೌಸ್ ಇತ್ತು.

ಲಸಿಕೆ ಹಾಕಿಸಿಕೊಳ್ಳದವರಿಗೆ, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಇರುವವರ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30ರವರೆಗೆ. ಎಚ್‌ಐವಿಯದು ಸಾವಿರಕ್ಕೆ ಸುಮಾರು 3. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. “ಲಸಿಕೆ ಹಾಕಿದ್ದಾರೆಯೇ ಅಕ್ಕಾ?” ಎಂದೆ. “ಯಾವುದು, ಕೊರೊನಾದ್ದೇ?” ಎಂದರು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಸ್ಪಷ್ಟವಾಗಿಯೇ ಇದೆ: ತ್ಯಾಜ್ಯ ಮುಟ್ಟುವ ಎಲ್ಲರಿಗೂ ರಕ್ಷಣಾ ಸಾಮಗ್ರಿ ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕು. ಕಾಯಂ ನೌಕರರು, ಗುತ್ತಿಗೆಯವರು ಎಂಬ ಭೇದಕ್ಕೆ ಅಲ್ಲಿ ಜಾಗವಿಲ್ಲ. ಸೂಪರ್‌ವೈಸರ್ ಹುಡುಗನ ಮುಂದೆ ಇದನ್ನು ಹೇಳಿದೆ. ಗ್ಲೌಸ್ ಇಟ್ಟಿದ್ದ ಕಪಾಟಿನ ಕೀಲಿ ಅವನ ಜೇಬಿನಲ್ಲೇ ಇತ್ತು. “ಬಾಕ್ಸ್ ಲೆಕ್ಕ ಕೊಡಬೇಕು ಸರ್” ಎಂದ. ಪುಕ್ಕಲ ಅನಿಸಿತು. ಅವನ ಸಂಬಳದಿಂದ ಯಾರಾದರೂ ಹಿಡಿಯುತ್ತಾರೇನೋ, ಪಾಪ.

ಗ್ಲೌಸ್ ಸಿಸ್ಟರ್‌ಗಳ ಸಲುವಾಗಿ. ಈ ಮಾತು ನೆನಪಾದಾಗಲೆಲ್ಲ ಓದಿನ ದಿನಗಳಲ್ಲಿ ಕೇಳಿದ್ದ ಸಂಗತಿಯೊಂದು ಜೊತೆಗೇ ಬರುತ್ತದೆ. 1889-90ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಇದ್ದರು. ಕ್ರಿಮಿ ಕೊಲ್ಲಲು ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಅವರ ಕೈ ಹುಣ್ಣಾಗುತ್ತಿತ್ತು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ಅವರಿಗಾಗಿ ತೆಳು ಗ್ಲೌಸ್ ಮಾಡಿಸಿದರು. ರೋಗಿಗಳಿಗೂ ಅದರಿಂದ ಒಳಿತು ಎಂಬುದು ತಿಳಿದದ್ದು ಆಮೇಲೆ. ಕೆಲಸ ಮಾಡುವ ಹೆಣ್ಣೊಬ್ಬಳ ಕೈ ನೋಯಬಾರದೆಂದು ಬಂದ ವಸ್ತು ಇದು. ಅದು ನಮ್ಮಲ್ಲಿ ಕಪಾಟು ಸೇರಿ, ಎಣಿಕೆಗೆ ಸಿಕ್ಕಿ, ಹುದ್ದೆ ನೋಡಿ ಹೊರಬರುತ್ತಿದೆ.

ಮಧ್ಯಾಹ್ನ ಮ್ಯಾನೇಜರ್‌ಗೆ ಬರೆದು ಕೊಟ್ಟೆ. ಓದಿದರು, ವಾದ ಮಾಡಲಿಲ್ಲ. ಅಂದೇ ಅಕ್ಕನ ರಕ್ತಪರೀಕ್ಷೆ ಆಯಿತು, ಡಾಕ್ಟರರು ನೋಡಿ ಮಾತ್ರೆ ಶುರು ಮಾಡಿದರು, ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸೂ ಬಿತ್ತು. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಅಷ್ಟರಲ್ಲಿ ಗುತ್ತಿಗೆದಾರ ಬದಲಾದರೆ ಉಳಿದೆರಡನ್ನು ಯಾರು ಹಾಕಿಸುತ್ತಾರೆ ಎಂದು ಕೇಳಿದೆ. ಮ್ಯಾನೇಜರ್ ಪೆನ್ನು ಕೈಗೆತ್ತಿಕೊಂಡು ಅಕ್ಕನ ಹೆಸರೇನು ಎಂದು ಸೂಪರ್‌ವೈಸರ್‌ನನ್ನು ಕೇಳಿದರು. ಅವನಿಗೂ ಗೊತ್ತಿರಲಿಲ್ಲ.