ರಾಲ್ಫ್ ಫಿಚ್ ಜೊತೆ ನಾಲ್ಕನೇ ತಿಂಗಳು: ಇಂಗು, ಬಿಳಿ ಆನೆ, ವರಾಹ

ರಾಲ್ಫ್ ಫಿಚ್‌ನ ಪ್ರವಾಸ ಬರಹದಲ್ಲಿ ಬರುವ ಸರಕುಗಳ ಪಟ್ಟಿ ಮಾಡುತ್ತಿದ್ದೇನೆ. ಕಳೆದ ಸಲ ಬರೆದಾಗ ಇನ್ನೆರಡು ವಾರದಲ್ಲಿ ಪಟ್ಟಿ ಮುಗಿಯುತ್ತದೆ ಅಂದಿದ್ದೆ. ಮುಗಿದಿಲ್ಲ. ಅಷ್ಟೇ ಅಲ್ಲ, ಅರ್ಧ ಪಟ್ಟಿ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಿದ್ದೇನೆ.

ಹೊಸಬರಿಗೆ ಎರಡು ಮಾತು. ಫಿಚ್ ಲಂಡನ್ನಿನ ವ್ಯಾಪಾರಿ. 1583ರಲ್ಲಿ ಟೈಗರ್ ಎಂಬ ಹಡಗು ಹತ್ತಿ ಹೊರಟ. ಜೊತೆಗೆ ಜಾನ್ ನ್ಯೂಬೆರಿ, ಒಡವೆ ಕೆಲಸದ ವಿಲಿಯಂ ಲೀಡ್ಸ್, ಚಿತ್ರಕಾರ ಜೇಮ್ಸ್ ಸ್ಟೋರಿ. ಹೋರ್ಮುಜ್‌ನಲ್ಲಿ ಪೋರ್ಚುಗೀಸರು ಹಿಡಿದು ಗೋವಾ ಜೈಲಿಗೆ ಕಳಿಸಿದರು. ಜಾಮೀನಿನ ಮೇಲೆ ಹೊರಬಂದವರು 1584ರಲ್ಲಿ ಊರು ಬಿಟ್ಟು ಓಡಿದರು. ಸ್ಟೋರಿ ಮಾತ್ರ ಗೋವಾದಲ್ಲೇ ಉಳಿದ. ಫಿಚ್ ಬಂಗಾಳ, ಪೆಗು, ಮಲಕ್ಕಾ ಎಲ್ಲ ಸುತ್ತಿ 1591ರಲ್ಲಿ ಮನೆ ಸೇರಿದ. ರಿಚರ್ಡ್ ಹ್ಯಾಕ್ಲೂಟ್ ತನ್ನ ಪ್ರವಾಸ ಸಂಗ್ರಹದಲ್ಲಿ ಅವನ ಬರಹವನ್ನು 1599ರಲ್ಲಿ ಅಚ್ಚು ಹಾಕಿಸಿದ. ಮರುವರ್ಷ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದವರು ಫಿಚ್‌ನನ್ನು ಕೂರಿಸಿಕೊಂಡು ಸಲಹೆ ಕೇಳಿದ್ದರು.

ನನ್ನ ಕೆಲಸ ಇಷ್ಟೇ. ಅವನು ಹೆಸರಿಸುವ ಒಂದೊಂದು ಸರಕನ್ನೂ ಎಕ್ಸೆಲ್ ಶೀಟಿಗೆ ಹಾಕುವುದು. ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು. ಜಾಗತೀಕರಣ ಅಂದರೆ ನಮ್ಮ ಕಾಲದ್ದು ಅಂದುಕೊಂಡಿದ್ದ ನನಗೆ ಈ ಶೀಟ್ ದಿನಾ ಪಾಠ ಮಾಡುತ್ತಿದೆ.

ಮೊದಲು ಬೆಳಗಾವಿ. ಗೋವಾದಿಂದ ಓಡಿದವರು ಒಳನಾಡಿಗೇ ಬಂದಿರಬೇಕು, ಅಲ್ವಾ? ಫಿಚ್ ಬರಹದ ಕಂಪ್ಯೂಟರ್ ಪ್ರತಿಯಲ್ಲಿ ಆ ಹೆಸರು ಹುಡುಕಿದೆ, ಒಂದೂ ಸಿಗಲಿಲ್ಲ. ಬೆಳ್ಗಾಂ, ಬೆಲ್ಗಾಮ್, ಎಲ್ಲ ಥರದ ಸ್ಪೆಲ್ಲಿಂಗ್ ಹಾಕಿದೆ. ಕೊನೆಗೆ ಸುಮ್ನೆ ಪುಟ ಪುಟ ಓದಿದಾಗ ಸಿಕ್ಕಿದ್ದು 'ಬೆಲ್ಲರ್ಗನ್'. ಅಲ್ಲಿ ವಜ್ರ, ಮಾಣಿಕ್ಯ, ನೀಲಮಣಿಗಳ ದೊಡ್ಡ ಸಂತೆ ಇತ್ತಂತೆ. ಅಲ್ಲಿಂದ ಮುಂದೆ 'ಬಿಸಾಪೊರ್', ಅಂದರೆ ನಮ್ಮ ವಿಜಯಪುರ. ಎತ್ತರದ ಕಲ್ಲಿನ ಮನೆಗಳು, ಯುದ್ಧದ ಆನೆಗಳು, ಬೆಳ್ಳಿ ಬಂಗಾರ. ಹಳೆ ಅಚ್ಚಿನ ಉದ್ದನೆಯ 'ಎಸ್' ಅಕ್ಷರವನ್ನು ಕಂಪ್ಯೂಟರ್ 'ಎಫ್' ಎಂದು ಓದಿ 'ಬಿಫಾಪೊರ್' ಮಾಡಿದ್ದರೆ ಹುಡುಕಿ ಏನು ಪ್ರಯೋಜನ! ಈಗ ಊರಿನ ಹೆಸರುಗಳಿಗೇ ಒಂದು ಬೇರೆ ಶೀಟ್ ಮಾಡಿಕೊಂಡಿದ್ದೇನೆ.

ಇನ್ನೊಂದು ಎಡವಟ್ಟು ಹೇಳಲೇಬೇಕು. ಆಗ್ರಾದಿಂದ ಬಂಗಾಳದ ಸಾತ್‌ಗಾಂವ್‌ಗೆ ಫಿಚ್ ಹೋಗಿದ್ದು 180 ದೋಣಿಗಳ ಗುಂಪಿನ ಜೊತೆ. ದೋಣಿ ತುಂಬಾ ಉಪ್ಪು, ಅಫೀಮು, ಸೀಸ, ರತ್ನಗಂಬಳಿ, ಮತ್ತೆ 'ಹಿಂಜ್'. ಇಂಗ್ಲಿಷಿನಲ್ಲಿ ಬಾಗಿಲಿನ ಹಿಂಜ್ ಬರೆಯುತ್ತೇವಲ್ಲ, ಅದೇ ಸ್ಪೆಲ್ಲಿಂಗ್. ನಾನು ಕಬ್ಬಿಣದ ಸಾಮಾನು ಅಂತ ಹಾಕಿಬಿಟ್ಟೆ. ಮೂರು ವಾರ ಹಾಗೇ ಇತ್ತು. ಒಂದು ದಿನ ಸಾರಿಗೆ ಒಗ್ಗರಣೆ ಹಾಕುವಾಗ ಇಂಗಿನ ಡಬ್ಬಿ ಕೈಗೆ ಬಂತು. ಅದರ ಮೇಲೆ ಹಿಂದಿಯಲ್ಲಿ ಹೀಂಗ್. ಒಗ್ಗರಣೆ ಸೀದು ಹೋಯ್ತು, ಶೀಟ್ ಮಾತ್ರ ಸರಿಯಾಯ್ತು. ಇಂಗಿನ ಗಿಡ ಇರಾನ್, ಅಫ್ಘಾನಿಸ್ತಾನದ ಕಡೆಯದು. ಅದರ ಅಂಟು ಯಮುನೆ, ಗಂಗೆ ಇಳಿದು ಬಂಗಾಳಕ್ಕೆ ಹೋಗುತ್ತಿತ್ತು. ಅದನ್ನು ಬರೆದಿಟ್ಟವನು ಲಂಡನ್ನಿನವ.

ಈಗ ಅರ್ಧ ಪಟ್ಟಿ ಅಳಿಸಿದ ಕತೆ. ಪೆಗು ಅಂದರೆ ಈಗಿನ ಮ್ಯಾನ್ಮಾರ್‌ನ (ಹಿಂದಿನ ಬರ್ಮಾ) ಬಾಗೊ. ಅಲ್ಲಿನ ರಾಜನ ಹತ್ತಿರ ನಾಲ್ಕು ಬಿಳಿ ಆನೆ ಇದ್ದವು ಎನ್ನುತ್ತಾನೆ ಫಿಚ್. ಎಲ್ಲೋ ಓದಿದ ನೆನಪು. ಸೀಸರೆ ಫೆಡೆರಿಚಿ ಎಂಬ ವೆನಿಸ್ ವ್ಯಾಪಾರಿಯ ಬರಹ ತೆಗೆದೆ. ಅವನು ಅಲ್ಲಿದ್ದದ್ದು ಸುಮಾರು ಹದಿನೆಂಟು ವರ್ಷ ಮುಂಚೆ. ಅವನಲ್ಲೂ ನಾಲ್ಕೇ ಬಿಳಿ ಆನೆ! ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ವಾಕ್ಯ ವಾಕ್ಯವೇ ಹೊಂದುತ್ತದೆ. ನಾನೇ ಕಂಡುಹಿಡಿದೆ ಅಂತ ಒಂದು ಸಂಜೆಯೆಲ್ಲ ಬೀಗಿದೆ. ಇತಿಹಾಸಕಾರರು ಇದನ್ನು ಎಂದೋ ಹೇಳಿ ಮುಗಿಸಿದ್ದಾರೆ ಅಂತ ಮರುದಿನ ಗೊತ್ತಾಯ್ತು.

ಫಿಚ್ ಅಲ್ಲಿಗೆ ಹೋಗಿದ್ದು ನಿಜ. ಊರಿಗೆ ಬಂದು ಬರೆಯಲು ಕೂತಾಗ ಫೆಡೆರಿಚಿಯ ಪುಸ್ತಕ ಪಕ್ಕದಲ್ಲಿತ್ತು, ಅಷ್ಟೇ. ಆ ಪುಸ್ತಕವನ್ನು ಇಂಗ್ಲಿಷಿಗೆ ತಂದವನು ಥಾಮಸ್ ಹಿಕಾಕ್, ಅವನೂ ವ್ಯಾಪಾರಿ. ಟರ್ಕಿಯಿಂದ ವಾಪಸ್ ಬರುವ ಹರ್ಕ್ಯುಲೀಸ್ ಹಡಗಿನಲ್ಲಿ ಕೂತು ಅನುವಾದ ಮಾಡಿದ. 1588ರಲ್ಲಿ ಅದು ಅಚ್ಚಾಯ್ತು. ಮೊದಲು ನನಗೆ ಸಿಟ್ಟು ಬಂದಿತ್ತು, ಕದ್ದ ಸಾಲುಗಳನ್ನೆಲ್ಲ ಅಳಿಸಿದೆ. ಆಮೇಲೆ ಅನಿಸಿತು: ಮೆಣಸಿನ ಹಾಗೆ ಸುದ್ದಿಯೂ ಸರಕೇ ಅಲ್ವಾ? ಅದಕ್ಕೂ ದಾರಿ ಇದೆ, ಕೈ ಬದಲಾಗುತ್ತದೆ. ಅಳಿಸಿದ್ದನ್ನು ವಾಪಸ್ ಹಾಕುತ್ತಿದ್ದೇನೆ. ಈ ಸಲ 'ಕಂಡದ್ದೋ, ಎರವಲೋ' ಅಂತ ಒಂದು ಕಾಲಂ ಜಾಸ್ತಿ.

ಫೆಡೆರಿಚಿ ಸಿಕ್ಕಿದ್ದು ನಷ್ಟವೇನಲ್ಲ. ಅವನು 1567ರಲ್ಲಿ ಗೋವಾದಿಂದ ವಿಜಯನಗರಕ್ಕೆ ಬಂದವನು. ತಾಳಿಕೋಟೆ ಯುದ್ಧ ಮುಗಿದು ಎರಡೇ ವರ್ಷ. ಜೊತೆಗೆ ಇನ್ನಿಬ್ಬರು ವ್ಯಾಪಾರಿಗಳು, 300 ಅರಬ್ಬಿ ಕುದುರೆ. ಖಾಲಿ ಮನೆಗಳಲ್ಲಿ ಹುಲಿ ಇವೆಯಂತೆ ಎಂದು ಬರೆಯುತ್ತಾನೆ. ಆ 'ಅಂತೆ' ನೋಡಿ, ಪ್ರಾಮಾಣಿಕ ಮನುಷ್ಯ. ಗೋವಾದಿಂದ ವಿಜಯನಗರಕ್ಕೆ ಕುದುರೆ, ಮಖಮಲ್ಲು, ಕೇಸರಿ ಹೋಗುತ್ತಿತ್ತು. ವಾಪಸ್ ಬರುತ್ತಿದ್ದದ್ದು ಒಡವೆ ಮತ್ತು 'ಪಗೋಡ', ಅಂದರೆ ನಮ್ಮ ಚಿನ್ನದ ನಾಣ್ಯ ವರಾಹ. ಆದರೆ ಫಿಚ್‌ಗೆ ಪಗೋಡ ಅಂದರೆ ದೇವರ ಮೂರ್ತಿ! ನನ್ನ ಶೀಟಿನಲ್ಲಿ ನಾಣ್ಯ ಎಲ್ಲಿ, ದೇವರು ಎಲ್ಲಿ ಅಂತ ಈಗ ಒಂದೊಂದೇ ಸಾಲು ಬಿಡಿಸಬೇಕು. ಹನ್ನೊಂದು ಸಾಲು ಆಗಿವೆ. ಮುಂದಿನ ಸಲ ಫೆಡೆರಿಚಿ ಜೊತೆ ಅಂಕೋಲೆಗೆ ಇಳಿಯುವ ದಾರಿ.