ಪ್ರೊಪೆಲ್ಲರಿಗೆ ಪೆನ್ಸಿಲ್ ಪುಡಿ

ಮೂರು ದಿನದಿಂದ ಡಿಸಿ-3 ಎಂಬ ಹಳೇ ಕಾಲದ ಎರಡು ಎಂಜಿನ್ ವಿಮಾನದ ಪುಟ್ಟ ಮಾಡೆಲ್‌ನ ಪ್ರೊಪೆಲ್ಲರ್ ಹಿಡಿದು ಕೂತಿದ್ದೇನೆ. ಮಂಗಳೂರಿನ ಈ ಮಳೆಯಲ್ಲಿ ಸಿಲ್ವರ್ ಸ್ಪ್ರೇ ಹೊಡೆದರೆ ತೇವಕ್ಕೆ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಸ್ಪ್ರೇ ಬಿಟ್ಟೆ. ಹೊಳಪಿಲ್ಲದ ಕಪ್ಪು ಪೇಂಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ 6ಬಿ ಪೆನ್ಸಿಲ್‌ನ (ಮೆತ್ತಗಿನ, ಗಾಢ ಕಪ್ಪಿನದು) ಕಡ್ಡಿಯನ್ನು ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಪುಡಿ ಮಾಡಿದೆ. ಹತ್ತಿಯಲ್ಲಿ ಅದನ್ನು ಮೆಲ್ಲ ತಿಕ್ಕಿದರೆ, ಅಬ್ಬಾ, ಲೋಹದ್ದೇ ಹೊಳಪು! ಮುಂದಿನ ಅಂಚಿಗೆ ಮಾತ್ರ ಸ್ವಲ್ಪ ಜಾಸ್ತಿ ಬೇಕು. ನಿಜವಾದ ವಿಮಾನದಲ್ಲೂ ಮರಳು, ಕಲ್ಲು ತಾಗಿ ಮೊದಲು ಸವೆಯುವುದು ಅಲ್ಲೇ ಅಲ್ವಾ. ಹಿಂಬದಿ ಕಪ್ಪಾಗಿಯೇ ಇರಲಿ, ಪೈಲಟ್ ಕಣ್ಣಿಗೆ ಬಿಸಿಲು ಹೊಡೆಯಬಾರದು.

1951ರ ಡಿಸೆಂಬರ್ 25ರಂದು ನಮ್ಮ ಬಜ್ಪೆ ವಿಮಾನ ನಿಲ್ದಾಣಕ್ಕೆ ನೆಹರೂ ಬಂದಿಳಿದದ್ದು ಡಿಸಿ-3ರಲ್ಲೇ. ಆ ದಿನ ಪ್ರೊಪೆಲ್ಲರ್ ನಿಂತಾಗ ಅದರ ಮೇಲೆ ನಮ್ಮೂರ ಬಿಸಿಲು ಹೇಗೆ ಹೊಳೆದಿತ್ತೋ ಎಂದು ಯೋಚಿಸುತ್ತಲೇ ಉಜ್ಜುತ್ತಿದ್ದೇನೆ. ಇನ್ನೊಂದು ಪ್ರೊಪೆಲ್ಲರ್ ಬಾಕಿ ಇದೆ.